ನಿತ್ಯೌಷಧಕ್ಕೆ ನಿತ್ಯಸಹಾಯ



ಸಾಹಿತ್ಯವನ್ನೋ ಇತಿಹಾಸವನ್ನೋ ಆಳವಾಗಿ ಬಲ್ಲ ವಿದ್ವಾಂಸರು ಅಲಂಕರಿಸುತ್ತ ಬಂದಿರುವ ಈ ದತ್ತಿ ಉಪನ್ಯಾಸದ ವೇದಿಕೆಗೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ವಿತರಣೆಯ ಕಿಟಕಿಯ ಹಿಂದೆ ನಿಂತು ಗುಳಿಗೆ ಎಣಿಸಿ ಕೊಡುತ್ತ ಆಯುಸ್ಸಿನ ಬಹುಭಾಗವನ್ನು ಕಳೆದ ನನ್ನಂಥವನನ್ನು ಬರಮಾಡಿಕೊಂಡಿರುವುದು ದತ್ತಿಯ ವ್ಯವಸ್ಥಾಪಕರ ಔದಾರ್ಯವೆಂದೇ ತಿಳಿಯುತ್ತೇನೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅವರು ನನಗೇ ಬಿಟ್ಟುದರಿಂದ, ಆ ಕಿಟಕಿಯ ಆಚೆ ನಿಂತವರ ಪೈಕಿ ಯಾರನ್ನು ನಮ್ಮ ಜನರ ದಾನಬುದ್ಧಿಯೂ ಸರ್ಕಾರದ ಯೋಜನಾಬುದ್ಧಿಯೂ ಒಂದೇ ಬಗೆಯಾಗಿ ಮರೆತಿವೆಯೋ ಅವರನ್ನು ಕುರಿತು, ಎಂದರೆ ಅಪಸ್ಮಾರ ಪೀಡಿತರನ್ನೂ ಅವರ ನಿತ್ಯೌಷಧದ ವೆಚ್ಚವನ್ನೂ ಕುರಿತು, ಕೆಲವು ಮಾತುಗಳನ್ನು ನಿವೇದಿಸುತ್ತೇನೆ. ನಾನು ವೈದ್ಯನಲ್ಲ, ಯಾರು ಯಾವ ಔಷಧವನ್ನು ಎಷ್ಟು ಸೇವಿಸಬೇಕೆಂಬುದು ನನ್ನ ಅಧಿಕಾರಕ್ಕೆ ಸೇರಿದ ಮಾತಲ್ಲ. ಬರೆದುಕೊಟ್ಟ ಔಷಧ ರೋಗಿಯ ಮನೆಯನ್ನು ಹೇಗೆ ಸೇರುತ್ತದೆ, ಸೇರದೆ ಎಲ್ಲಿ ನಿಂತುಹೋಗುತ್ತದೆ ಎಂಬಷ್ಟನ್ನು ಮಾತ್ರ ನಾನು ಬಲ್ಲೆ.

ಊರಿನವರು ಮೂರ್ಛೆರೋಗವೆಂದೂ ಫಿಟ್ಸ್ ಎಂದೂ ಕರೆಯುವ ಈ ವ್ಯಾಧಿ ಮೆದುಳಿನ ನರಕೋಶಗಳಲ್ಲಿ ಅಕಸ್ಮಾತ್ತಾಗಿ ಉಕ್ಕುವ ವಿದ್ಯುತ್ ಕ್ಷೋಭೆಯಿಂದ ಉಂಟಾಗತಕ್ಕದ್ದು. ಗ್ರಹದ ಸೋಂಕಿನಿಂದಲೂ ಅಲ್ಲ, ಪೂರ್ವಜನ್ಮದ ಪಾಪದಿಂದಲೂ ಅಲ್ಲ, ಎಂಜಲಿನಿಂದ ಹರಡುವುದಂತೂ ಅಲ್ಲವೇ ಅಲ್ಲ. ಬಿದ್ದವನ ಕೈಗೆ ಬೀಗದ ಕೈಯನ್ನು ತುರುಕುವವರೂ, ಮೂಗಿಗೆ ಈರುಳ್ಳಿಯನ್ನು ಹಿಡಿಯುವವರೂ ಇಂದಿಗೂ ನಮ್ಮ ಬಸ್‌ ನಿಲ್ದಾಣಗಳಲ್ಲಿ ದೊರೆಯುತ್ತಾರೆ. ಅವರ ಸದುದ್ದೇಶಕ್ಕೆ ನಮಸ್ಕಾರ ಮಾಡಿ ಮುಂದೆ ಹೋಗೋಣ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಈ ವ್ಯಾಧಿಯಿದೆಯೆಂದೂ, ಅವರಲ್ಲಿ ನೂರಕ್ಕೆ ಎಂಬತ್ತರಷ್ಟು ಜನ ಬಡ ಮತ್ತು ಮಧ್ಯಮ ವರಮಾನದ ದೇಶಗಳವರೆಂದೂ, ಸರಿಯಾದ ಔಷಧವನ್ನು ಬಿಡದೆ ಸೇವಿಸಿದ್ದೇ ಆದರೆ ನೂರಕ್ಕೆ ಎಪ್ಪತ್ತು ಮಂದಿಯವರೆಗೆ ಮೂರ್ಛೆಯೇ ಬಾರದಂತೆ ಬದುಕಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನಾಡಿನ ಮಟ್ಟಿಗೆ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿಯವರೂ ಅವರ ಸಹೋದ್ಯೋಗಿಗಳೂ ನಗರದಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಮನೆಮನೆಯಾಗಿ ಸಮೀಕ್ಷೆ ಮಾಡಿ 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಗರದಲ್ಲಿ ಸಾವಿರಕ್ಕೆ ಸುಮಾರು 6 ಜನರಿಗೆ ಈ ವ್ಯಾಧಿಯಿದ್ದರೆ ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12 ಜನರಿಗಿತ್ತು. ರೋಗ ಎಲ್ಲಿ ಇಮ್ಮಡಿಯೋ ಅಲ್ಲಿಯೇ ಔಷಧದಂಗಡಿಯೂ ವೈದ್ಯನೂ ದುರ್ಲಭವೆಂಬುದನ್ನು ಸಭೆಗೆ ವಿವರಿಸಬೇಕಾಗಿಲ್ಲ.

ಈ ವ್ಯಾಧಿಗೆ ಔಷಧವಿಲ್ಲವೆಂದು ಕೈಚೆಲ್ಲುವ ಕಾಲ ಎಂದೋ ಕಳೆದುಹೋಯಿತು. 1857ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಲೊಕಾಕ್ ಬ್ರೋಮೈಡನ್ನು ಸೂಚಿಸಿದುದು ಮೊದಲು. 1912ರಲ್ಲಿ ಜರ್ಮನಿಯ ತರುಣ ವೈದ್ಯ ಆಲ್ಫ್ರೆಡ್ ಹಾಪ್ಟ್‌ಮನ್ ಫಿನೋಬಾರ್ಬಿಟಾಲಿನ ಗುಣವನ್ನು ಕಂಡುಹಿಡಿದನು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ಎಂಬಿಬ್ಬರು ಫೆನಿಟಾಯಿನನ್ನು ಬಳಕೆಗೆ ತಂದರು. ಆ ಬಳಿಕ ಕಾರ್ಬಮಜೆಪೀನ್, ವ್ಯಾಲ್‌ಪ್ರೋಯೇಟ್, ಕ್ಲೋಬಜಾಮ್, ಈಚೆಗೆ ಲೆವೆಟಿರಾಸೆಟಮ್ ಮೊದಲಾದುವು ಬಂದುವು. ನೂರು ವರ್ಷ ದಾಟಿದ ಫಿನೋಬಾರ್ಬಿಟಾಲ್ ಇಂದಿಗೂ ಇವೆಲ್ಲಕ್ಕಿಂತ ಅಗ್ಗ. ಇಂಥ ಹಳೆಯ ಔಷಧಗಳಿಂದಲೇ ಹಳ್ಳಿಯ ಜನರಿಗೆ ಎಷ್ಟು ಉಪಕಾರವಾದೀತೆಂಬುದನ್ನು ಪರೀಕ್ಷಿಸಿ ನೋಡಿದವರು ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಯಳಂದೂರು ಸೀಮೆಯ ಹಳ್ಳಿಗರಿಗೆ ಅವರೂ ಅವರ ಸಂಗಡಿಗರೂ ಫಿನೋಬಾರ್ಬಿಟಾಲ್ ಮತ್ತು ಫೆನಿಟಾಯಿನ್ ಕೊಟ್ಟು, ವರ್ಷಗಟ್ಟಲೆ ಬಿಡದೆ ವಿಚಾರಿಸಿಕೊಂಡು, ಈ ಎರಡರಿಂದಲೇ ರೋಗವನ್ನು ಹತೋಟಿಯಲ್ಲಿಡುವುದು ಹಳ್ಳಿಯಲ್ಲಿಯೂ ಸಾಧ್ಯವೆಂದು ತೋರಿಸಿ, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರಸಂಗವಶಾತ್ ಒಂದು ಮಾತು: ತಲೆಯ ಮೇಲೆ ಸುಡುನೀರನ್ನು ಹೊಯ್ದುಕೊಂಡಾಗ ಬರುವ ಒಂದು ವಿಲಕ್ಷಣ ಬಗೆಯ ಮೂರ್ಛೆ ಆ ಭಾಗದಲ್ಲಿ ಹೇರಳವಾಗಿರುವುದನ್ನು ವೈದ್ಯಲೋಕದ ಗಮನಕ್ಕೆ ತಂದವರಲ್ಲಿಯೂ ಮಣಿಯವರು ಮೊದಲಿಗರು. ಹದವಾದ ಬಿಸಿಯ ನೀರಿನಲ್ಲಿ ಮೀಯುವುದರಿಂದಲೇ ಅದು ಅನೇಕರಲ್ಲಿ ತಪ್ಪುವುದುಂಟು. ಈ ಶಾಸ್ತ್ರದಲ್ಲಿ ಕಾಸು ಬೇಡದ ಚಿಕಿತ್ಸೆ ಅದೊಂದೇ ಎಂದು ತೋರುತ್ತದೆ. ಮಿಕ್ಕ ಬಗೆಗಳಿಗೆಲ್ಲ ಗುಳಿಗೆ ಬೇಕು, ಗುಳಿಗೆಗೆ ಹಣ ಬೇಕು.

ಆ ಹಣದ ಸ್ವರೂಪವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಹೊತ್ತಿಗೊಂದರಂತೆ ದಿನಕ್ಕೆರಡು ಗುಳಿಗೆಯನ್ನು ಸೇವಿಸುವವನಿಗೆ ವರ್ಷಕ್ಕೆ 730 ಗುಳಿಗೆಗಳು ಬೇಕು. ಐದು ವರ್ಷಕ್ಕೆ 3,650. ಎರಡು ವರ್ಷವಾದರೂ ಮೂರ್ಛೆಯಿಲ್ಲದೆ ಕಳೆದ ಮೇಲಲ್ಲದೆ ಔಷಧವನ್ನು ಇಳಿಸುವ ವಿಚಾರವನ್ನು ವೈದ್ಯರು ಸಾಮಾನ್ಯವಾಗಿ ಎತ್ತುವುದಿಲ್ಲ. ಕೆಲವರಿಗೆ ಅದು ಜೀವಾವಧಿಯ ಸಂಗಾತಿ. ಬಿಡಿಯಾಗಿ ನೋಡಿದರೆ ಒಂದು ದಿನದ ಗುಳಿಗೆಯ ಬೆಲೆ ಯಾರನ್ನೂ ಸಾಲಗಾರನನ್ನಾಗಿ ಮಾಡುವಂಥದಲ್ಲ, ಆದುದರಿಂದಲೇ ಯಾರ ಕನಿಕರವನ್ನೂ ಕೆರಳಿಸುವಂಥದೂ ಅಲ್ಲ. ಆದರೆ ಕೂಲಿ ಸಿಕ್ಕ ದಿನವೂ ಸಿಗದ ದಿನವೂ, ಹಬ್ಬದ ತಿಂಗಳಲ್ಲಿಯೂ ಮಕ್ಕಳ ಶಾಲಾ ಶುಲ್ಕದ ತಿಂಗಳಲ್ಲಿಯೂ, ಮಳೆ ಹೋದ ವರ್ಷದಲ್ಲಿಯೂ ಒಂದೇ ಸಮನಾಗಿ ಬೇಡುವ ವೆಚ್ಚವಿದು. ಮೈ ಸರಿಯಾಗಿದ್ದಾಗಲೂ ಖರ್ಚು ಮಾಡಬೇಕಾದುದು ಇದರ ಇನ್ನೊಂದು ಕಷ್ಟ. ಜ್ವರದ ಔಷಧಕ್ಕೆ ಸಾಲ ಮಾಡಿಯಾದರೂ ಹಣ ತರುವ ಯಜಮಾನನು, ಎಂಟು ತಿಂಗಳಿನಿಂದ ಮೂರ್ಛೆ ಬಾರದ ಮಗನ ಗುಳಿಗೆಗೆ ಅದೇ ಹಣವನ್ನು ತೆಗೆಯುವಾಗ ಒಂದು ಕ್ಷಣ ತಡೆಯುತ್ತಾನೆ. ಆ ತಡೆಯನ್ನು ಅವಿವೇಕವೆಂದು ಕರೆಯಲು ನನಗಂತೂ ಮನಸ್ಸು ಬಾರದು.

ಔಷಧದಂಗಡಿಯ ಕಟ್ಟೆಯ ಮೇಲೆ ಈ ತಡೆ ಕಣ್ಣಿಗೆ ಕಾಣುತ್ತದೆ. ತಿಂಗಳಿಗೆಂದು ಬರೆದ ಚೀಟಿಯನ್ನು ಮುಂದಿಟ್ಟು, ‘ಸದ್ಯ ಒಂದು ವಾರಕ್ಕೆ ಕೊಡಿ, ಸಂತೆಯ ದಿನ ಮಿಕ್ಕದ್ದು ಒಯ್ಯುತ್ತೇನೆ’ ಎನ್ನುವವನಿಗೆ ಅಂಗಡಿಯವನು ಹಾಳೆಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾನೆ. ಹೆಸರಿರುವ ಭಾಗ ಅಂಗಡಿಯಲ್ಲಿ, ಹೆಸರಿಲ್ಲದ ಭಾಗ ಮನೆಯಲ್ಲಿ. ಮನೆಗೆ ಹೋದ ಚೂರಿನ ಬೆನ್ನಿನ ಮೇಲೆ ಔಷಧದ ಹೆಸರೂ ಇರದು, ಅವಧಿ ಮುಗಿಯುವ ತಾರೀಖೂ ಇರದು. ಎರಡು ಅಕ್ಷರ ಉಳಿದಿದ್ದರೆ ಅದೇ ಭಾಗ್ಯ. ಮುಂದಿನ ಸಂತೆಗೆ ಅವನು ಬಂದರೆ ಬಂದ, ಇಲ್ಲದಿದ್ದರೆ ದಿನಕ್ಕೆರಡರ ಗುಳಿಗೆ ದಿನಕ್ಕೊಂದಾಗುತ್ತದೆ, ದಿನಕ್ಕೊಂದು ಎರಡು ದಿನಕ್ಕೊಂದಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕತ್ತರಿಯ ಕೆಲಸವಿಲ್ಲ. ಅಲ್ಲಿ ಇದ್ದರೆ ಪೂರ್ತಿ ಉಂಟು, ಇಲ್ಲದಿದ್ದರೆ ಏನೂ ಇಲ್ಲ. ‘ಸ್ಟಾಕ್ ಇಲ್ಲ, ಹೊರಗಡೆ ತಗೊಳ್ಳಿ’ ಎಂಬ ನಾಲ್ಕು ಮಾತುಗಳನ್ನು ನನ್ನ ವೃತ್ತಿಯವರಷ್ಟು ಬಾರಿ ಉಚ್ಚರಿಸಿದವರು ಈ ನಾಡಿನಲ್ಲಿ ಮತ್ತೊಬ್ಬರಿಲ್ಲ.

ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಏನಾಗುತ್ತದೆಂಬುದೂ ಹಣದ ವಿಚಾರವೇ. ಒಂದು ಮೂರ್ಛೆ ಮುಗಿಯದೆ ಇನ್ನೊಂದು ಹತ್ತಿಕೊಂಡು ಬರುವ, ಪ್ರಾಣಕ್ಕೇ ಸಂಚಕಾರವಾಗಬಲ್ಲ ಸ್ಥಿತಿಗೆ ಗುಳಿಗೆ ತಪ್ಪುವುದು ಒಂದು ಮುಖ್ಯ ಕಾರಣ. ಆಗ ರೋಗಿಯನ್ನು ತುರ್ತು ವಾಹನದಲ್ಲಿ ಒಯ್ಯಬೇಕು, ಐ.ಸಿ.ಯು.ನಲ್ಲಿ ಮಲಗಿಸಬೇಕು. ಬಡ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ವೆಚ್ಚವನ್ನು ಭರಿಸುವ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಮ್ಮಲ್ಲಿ ಉಂಟಷ್ಟೆ. ಒಳರೋಗಿಯಾಗಿ ಮಲಗಿದವನಿಗೆ ಅದು ನಿಜವಾಗಿಯೂ ಆಪದ್ಬಾಂಧವ. ಆದರೆ ಆಯುಷ್ಮಾನ್ ಯೋಜನೆಯ ಕಟ್ಟಳೆಯಂತೆ ಮನೆಗೆ ಮರಳಿದ ಮೇಲಿನ ಔಷಧ ದೊರೆಯುವುದು ಹದಿನೈದು ದಿನಗಳ ಮಟ್ಟಿಗೆ. ಹದಿನಾರನೆಯ ದಿನ ಬೆಳಗ್ಗೆ ರೋಗಿ ಮೊದಲಿದ್ದ ಸ್ಥಿತಿಗೇ ಬಂದು ನಿಲ್ಲುತ್ತಾನೆ. ಗುಳಿಗೆಗೆ ಸಾವಿರವನ್ನು ಕೊಡಲಾರದ ಬೊಕ್ಕಸ, ಗುಳಿಗೆ ತಪ್ಪಿದ ಫಲಕ್ಕೆ ಲಕ್ಷವನ್ನು ಕೊಡಲು ಸಿದ್ಧವಾಗಿರುವ ಈ ಲೆಕ್ಕಾಚಾರವನ್ನು ಯಾವ ಅರ್ಥಶಾಸ್ತ್ರ ಸಮರ್ಥಿಸೀತೋ ನಾನರಿಯೆ.

ಹಾಗೆಂದು ಸಹಾಯದ ಬಾಗಿಲುಗಳೇ ಇಲ್ಲವೆನ್ನುವುದು ಅಪಚಾರವಾದೀತು. ಬಾಗಿಲುಗಳಿವೆ, ಒಂದೊಂದರ ಮುಂದೆಯೂ ಒಂದೊಂದು ಮೆಟ್ಟಿಲು ಕುಸಿದಿದೆ. ಮೊದಲನೆಯದು ಸರ್ಕಾರದ ಉಚಿತ ಔಷಧ. ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆರಂಭಿಸಿ ಇಡೀ ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನೇ ಮನೋರೋಗಗಳೊಡನೆ ಅಪಸ್ಮಾರವನ್ನೂ ಗುರುತಿಸಿ ಔಷಧ ಕೊಡುವ ಏರ್ಪಾಡಿತ್ತು. ಇಂದು ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಕ್ರಮವೂ ಇದೆ. ನಿಮ್ಹಾನ್ಸಿನ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದೆಡೆ ಮೆದುಳಿನ ಆರೋಗ್ಯಕ್ಕೆಂದೇ ಕ್ಲಿನಿಕ್ಕುಗಳನ್ನು ತೆರೆದುದು ಅದಕ್ಕಿಂತಲೂ ಸರಿಯಾದ ಹೆಜ್ಜೆ. ಏಕೆಂದರೆ ಅಪಸ್ಮಾರ ಮನೋರೋಗವಲ್ಲ. ಮನೋವೈದ್ಯರ ಸಾಲಿನಲ್ಲಿ ನಿಂತ ಮಗಳನ್ನು ಪರಿಚಿತರು ಕಂಡಾರೆಂಬ ಭಯದಿಂದ ಉಚಿತ ಔಷಧವನ್ನು ತೊರೆದು ದುಡ್ಡು ಕೊಟ್ಟು ಕೊಳ್ಳುವ ಮನೆಗಳು ಎಷ್ಟೋ ಇವೆ.

ಈ ಭಯದ ಬೆಲೆಯನ್ನು ಯಾವ ಸಮೀಕ್ಷೆಯೂ ಲೆಕ್ಕ ಹಾಕಿದಂತಿಲ್ಲ. ಪುನಃಪುನಃ ಬರುವ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿಯೇ ಇರಿಸಿ, ವಿವಾಹಕ್ಕೆ ಅನರ್ಹತೆಯೆಂದು ಸಾರಿದ್ದ ಮಾತು ನಮ್ಮ ಹಿಂದೂ ವಿವಾಹ ಶಾಸನದಲ್ಲಿ 1999ರವರೆಗೂ ಇದ್ದಿತು. ಆ ವರ್ಷದ ತಿದ್ದುಪಡಿ ಶಾಸನದಿಂದ ಅದನ್ನು ಅಳಿಸಿತು. ಮದುವೆಯ ಮಾತುಕತೆ ನಡೆಯುವ ಪಡಸಾಲೆಗಳಿಂದ ಅದು ಇನ್ನೂ ಅಳಿದಿಲ್ಲ. ನಾನು ಬಲ್ಲ ಒಬ್ಬ ತಂದೆ, ಊರಿನ ಅಂಗಡಿಯವನು ಬೀಗರಿಗೆ ಪರಿಚಿತನೆಂಬ ಕಾರಣದಿಂದ, ಮೂವತ್ತು ಮೈಲಿ ದೂರದ ಪಟ್ಟಣದಲ್ಲಿ ಮಗಳ ಗುಳಿಗೆಗಳನ್ನು ಕೊಂಡು, ಬಸ್ಸಿನಲ್ಲಿಯೇ ಹಾಳೆಯಿಂದ ಒಂದೊಂದಾಗಿ ಬಿಡಿಸಿ, ವಿಟಮಿನ್ನಿನ ಖಾಲಿ ಡಬ್ಬಿಯೊಂದಕ್ಕೆ ತುಂಬಿಕೊಂಡು ಮನೆಗೆ ಬರುತ್ತಿದ್ದನು. ಔಷಧದ ಬೆಲೆಗಿಂತ ಹೋಗಿಬರುವ ಖರ್ಚೂ ಆ ದಿನದ ಕೂಲಿಯ ನಷ್ಟವೂ ಅವನಿಗೆ ಮಿಗಿಲಾಗಿದ್ದುವು. ಇಂಥವನು ಸಹಾಯಕ್ಕಾಗಿ ಅರ್ಜಿ ಬರೆಯುವನೆಂದು ನಂಬಬೇಡಿ. ಅರ್ಜಿಯಲ್ಲಿ ಹೆಸರು ಬರೆಯಬೇಕು, ಗ್ರಾಮ ಪಂಚಾಯಿತಿಯವರ ರುಜು ಬೇಕು, ಮಂಜೂರಾದರೆ ಚೆಕ್ಕು ಹಿಡಿದು ಚಿತ್ರಕ್ಕೆ ನಿಲ್ಲಬೇಕು.

ಎರಡನೆಯ ಬಾಗಿಲು ಬೆಲೆಯ ನಿಯಂತ್ರಣ. ಇದು ಸಹಾಯವೆಂದು ಕಾಣದ ಸಹಾಯ, ಆದುದರಿಂದಲೇ ಭಯಸ್ಥರಿಗೂ ನಿಲುಕುವಂಥದು. ಅವಶ್ಯಕ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿದ ಔಷಧಕ್ಕೆ 2013ರ ಬೆಲೆ ನಿಯಂತ್ರಣ ಆದೇಶದ ಮೇರೆಗೆ ಗರಿಷ್ಠ ಬೆಲೆ ನಿಗದಿಯಾಗುತ್ತದೆ. 2022ರ ಪಟ್ಟಿಯಲ್ಲಿ ಫಿನೋಬಾರ್ಬಿಟಾಲ್, ಫೆನಿಟಾಯಿನ್, ಕಾರ್ಬಮಜೆಪೀನ್, ವ್ಯಾಲ್‌ಪ್ರೋಯೇಟ್, ಕ್ಲೋಬಜಾಮ್, ಲೆವೆಟಿರಾಸೆಟಮ್ ಇವೆ. ಆದರೆ ಆ ಗರಿಷ್ಠ ಬೆಲೆಯನ್ನು ತಯಾರಿಕೆಯ ವೆಚ್ಚದಿಂದ ಲೆಕ್ಕ ಹಾಕುವುದಿಲ್ಲ. ಪೇಟೆಯಲ್ಲಿ ಶೇಕಡ ಒಂದಕ್ಕೆ ಕಡಿಮೆಯಿಲ್ಲದ ಪಾಲುಳ್ಳ ತಯಾರಕರ ಬೆಲೆಗಳ ಸರಾಸರಿಗೆ ಚಿಲ್ಲರೆ ವ್ಯಾಪಾರಿಯ ಶೇಕಡ 16ನ್ನು ಕೂಡಿಸಿ ನಿಶ್ಚಯಿಸುತ್ತಾರೆ. ಅತಿ ದುಬಾರಿಯಾದುದು ಸ್ವಲ್ಪ ಇಳಿಯುತ್ತದೆ ಎನ್ನಬಹುದೇ ಹೊರತು, ಔಷಧ ಬಡವನ ಬೆಲೆಗೆ ಬರುತ್ತದೆ ಎನ್ನಲಾಗದು. ಆ ಬೆಲೆಗೆ ಬರಬೇಕಾದರೆ ಜನೌಷಧಿ ಕೇಂದ್ರಕ್ಕೆ ಹೋಗಬೇಕು. 2008ರಲ್ಲಿ ಆರಂಭವಾದ ಈ ಅಂಗಡಿಗಳಲ್ಲಿ ವ್ಯಾಪಾರನಾಮವಿಲ್ಲದ ಅದೇ ಔಷಧಗಳು ಅನೇಕ ವೇಳೆ ಅರ್ಧಕ್ಕಿಂತಲೂ ಕಡಿಮೆ ಬೆಲೆಗೆ ದೊರೆಯುತ್ತವೆ.

ಇಲ್ಲಿ ನನ್ನ ವೃತ್ತಿಯ ಎರಡು ಎಚ್ಚರಿಕೆಗಳನ್ನು ಹೇಳದೆ ಮುಂದೆ ಹೋಗಲಾರೆ. ವೈದ್ಯರ ಚೀಟಿಯಲ್ಲಿ ವ್ಯಾಪಾರನಾಮವಿದ್ದರೆ ರೋಗಿಗೆ ಜನೌಷಧಿ ಕೇಂದ್ರದಲ್ಲಿ ಏನನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ಆದರೆ ಔಷಧದ ಮೂಲನಾಮವನ್ನು ವ್ಯಾಪಾರನಾಮಕ್ಕಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಬೇಕೆಂಬ ನಿಯಮ 2018ರಲ್ಲಿ ಬಂದಿರುವುದರಿಂದ, ಕತ್ತರಿ ಬೀಳದ ಹಳೆಯ ಹಾಳೆಯೊಂದನ್ನು ತೆಗೆದುಕೊಂಡು ಹೋಗಿ ಆ ದೊಡ್ಡ ಅಕ್ಷರವನ್ನು ತೋರಿಸಿದರೆ ಸಾಕು. ಎರಡನೆಯದು ಇದಕ್ಕಿಂತ ಸೂಕ್ಷ್ಮ. ಫೆನಿಟಾಯಿನಿನಂಥ ಔಷಧದಲ್ಲಿ ಉಪಕಾರದ ಪ್ರಮಾಣಕ್ಕೂ ಅಪಕಾರದ ಪ್ರಮಾಣಕ್ಕೂ ನಡುವಣ ಅಂತರ ಕಿರಿದು. ಸೇವನೆಯಲ್ಲಿ ಅಲ್ಪ ವ್ಯತ್ಯಾಸವಾದರೂ ರಕ್ತದಲ್ಲಿನ ಪ್ರಮಾಣ ಹಠಾತ್ತಾಗಿ ಏರುವುದುಂಟು, ಆಗ ನಡಿಗೆ ತೊಡರುತ್ತದೆ, ಮಾತು ತೊದಲುತ್ತದೆ. ಆದಕಾರಣ ಈ ತಿಂಗಳು ಒಂದು ತಯಾರಿಕೆ, ಮುಂದಿನ ತಿಂಗಳು ಇನ್ನೊಂದು ಎಂಬಂತೆ ಅಗ್ಗವನ್ನು ಅರಸುತ್ತ ಅಲೆಯುವುದು ಹಿತವಲ್ಲ. ಅಗ್ಗದ ತಯಾರಿಕೆಗೆ ಹೋಗುವುದಾದರೆ ವೈದ್ಯರಿಗೆ ತಿಳಿಸಿ ಒಮ್ಮೆ ಹೋಗಿ, ಅಲ್ಲಿಯೇ ನಿಲ್ಲಬೇಕು. ನಿಲ್ಲುವುದು ಸಾಧ್ಯವಾಗಬೇಕಾದರೆ ಆ ಅಂಗಡಿಯಲ್ಲಿ ಅದು ಪ್ರತಿ ತಿಂಗಳೂ ಇರಬೇಕು. ಅಗ್ಗದ ಔಷಧಗಳಿಗೆ ಬೇರೊಂದು ತೊಡಕೂ ಉಂಟು. ಫಿನೋಬಾರ್ಬಿಟಾಲ್ ಮಾದಕ ವಸ್ತುಗಳನ್ನೂ ಮನಸ್ಸಿನ ಮೇಲೆ ಪರಿಣಾಮ ಮಾಡುವ ವಸ್ತುಗಳನ್ನೂ ನಿಯಂತ್ರಿಸುವ 1985ರ ಶಾಸನದ ಪಟ್ಟಿಗೆ ಸೇರಿರುವುದರಿಂದ ಅದಕ್ಕೆ ಲೆಕ್ಕಪತ್ರದ ಉಪದ್ರವ ಹೆಚ್ಚು, ಲಾಭ ಕಡಿಮೆ. ಹೀಗಿರಲಾಗಿ ಹಳ್ಳಿಯ ಕಡೆಯ ಅಂಗಡಿಯವನು ಅದನ್ನು ತರಿಸುವ ಗೋಜಿಗೇ ಹೋಗುವುದಿಲ್ಲ. ಜಗತ್ತಿನ ಅತ್ಯಂತ ಅಗ್ಗದ ಅಪಸ್ಮಾರೌಷಧ ಅತ್ಯಂತ ಬಡವನ ಊರಿನಲ್ಲಿ ದೊರೆಯದಿರುವುದಕ್ಕೆ ಇದು ಒಂದು ಕಾರಣ.

‘ಅಗ್ಗದ ಔಷಧವಿರುವಾಗ ದುಬಾರಿಯದೇಕೆ?’ ಎಂದು ಕೇಳುವ ದಾನಿಗಳನ್ನು ನಾನು ಕಂಡಿದ್ದೇನೆ. ಪ್ರಶ್ನೆ ನ್ಯಾಯವಾದುದೇ. ಯಳಂದೂರಿನ ಅನುಭವ ಅವರ ಪಕ್ಷದಲ್ಲಿಯೇ ಇದೆ. ಆದರೆ ಫಿನೋಬಾರ್ಬಿಟಾಲ್ ಕೆಲವು ಮಕ್ಕಳಲ್ಲಿ ಮಂಪರನ್ನೋ ಚಂಚಲತೆಯನ್ನೋ ತಂದು ಓದಿಗೆ ಅಡ್ಡಿ ಮಾಡುತ್ತದೆ. ವ್ಯಾಲ್‌ಪ್ರೋಯೇಟನ್ನು ಗರ್ಭಿಣಿ ಸೇವಿಸಿದರೆ ಶಿಶುವಿಗೆ ಅಂಗವೈಕಲ್ಯವೂ ಬುದ್ಧಿಮಾಂದ್ಯವೂ ಉಂಟಾಗುವ ಸಂಭವ ಹೆಚ್ಚೆಂದು ಸ್ಥಿರಪಟ್ಟಿರುವುದರಿಂದ, ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಅದನ್ನು ಬರೆಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅಂಥ ತರುಣಿಗೆ ವೈದ್ಯರು ಲೆವೆಟಿರಾಸೆಟಮನ್ನು ಬರೆದರೆ, ಕಿಟಕಿಯಲ್ಲಿ ಅದಿಲ್ಲದೆ ವ್ಯಾಲ್‌ಪ್ರೋಯೇಟ್ ಮಾತ್ರವಿದ್ದರೆ, ಕೈಯಲ್ಲಿ ಹಣವಿಲ್ಲದಿದ್ದರೆ, ಹುಟ್ಟಲಿರುವ ಮಗುವಿನ ವಿಧಿಯನ್ನು ದಾಸ್ತಾನಿನ ಪುಸ್ತಕ ಬರೆದಂತಾಗುತ್ತದೆ. ಸಹಾಯ ಮಾಡುವವರು ವೈದ್ಯರ ಆಯ್ಕೆಗೆ ಹಣ ಕೊಡಬೇಕು. ತಮ್ಮ ಆಯ್ಕೆಗೆ ಅಲ್ಲ.

ಮಿಕ್ಕ ಬಾಗಿಲುಗಳನ್ನು ಬೇಗಬೇಗನೆ ದಾಟಬಹುದು, ಏಕೆಂದರೆ ಅವುಗಳ ಮೂಲಕ ಒಳಗೆ ಹೋಗುವವರೇ ಕಡಿಮೆ. ತಿಂಗಳಿಗೆ 21,000 ರೂಪಾಯಿಯವರೆಗೆ ವೇತನವುಳ್ಳ ಕಾರ್ಮಿಕರಿಗೂ ಅವರ ಅವಲಂಬಿತರಿಗೂ ಇ.ಎಸ್.ಐ. ಔಷಧಾಲಯಗಳಲ್ಲಿ ಹೊರರೋಗಿಯ ಔಷಧವೂ ಉಚಿತ. ನಮ್ಮ ವಿಮಾ ವ್ಯವಸ್ಥೆಗಳಲ್ಲಿ ನಿತ್ಯದ ಗುಳಿಗೆಯ ಮಹತ್ತ್ವವನ್ನು ಅರಿತ ಅಪರೂಪದ್ದು ಇದು ಎನ್ನಬೇಕು, ಆದರೆ ಕೃಷಿಕೂಲಿಯವನಿಗೂ ಮನೆಗೆಲಸದವಳಿಗೂ ಅದರ ಚೀಟಿಯಿಲ್ಲ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಇರುವ ಮಕ್ಕಳಲ್ಲಿ ಅಪಸ್ಮಾರವೂ ಜೊತೆಗೂಡುವುದು ಸಾಮಾನ್ಯ. ಅವರಿಗೆ ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ, ಹೊರರೋಗಿ ಚಿಕಿತ್ಸೆಯೂ ಸೇರಿದಂತೆ, ವೆಚ್ಚ ದೊರೆಯುವುದೆಂಬುದು ಎಷ್ಟೋ ತಾಯಿತಂದೆಯರಿಗೆ ಗೊತ್ತೇ ಇಲ್ಲ. ಅಪಸ್ಮಾರ ಮಾತ್ರವಿರುವವರಿಗೆ ಅದೂ ಇಲ್ಲ. 2016ರ ವಿಕಲಚೇತನರ ಹಕ್ಕುಗಳ ಶಾಸನ ಹೆಸರಿಸಿದ 21 ಬಗೆಗಳಲ್ಲಿ ದೀರ್ಘಕಾಲಿಕ ನರವ್ಯಾಧಿಗಳೆಂಬ ಒಂದು ಶೀರ್ಷಿಕೆಯಿದೆ, ಅದರ ಕೆಳಗೆ ಪಾರ್ಕಿನ್‌ಸನ್ ಮೊದಲಾದುವುಗಳ ಹೆಸರಿದೆ, ಅಪಸ್ಮಾರದ ಹೆಸರಿಲ್ಲ. 1961ರ ಆದಾಯ ತೆರಿಗೆ ಶಾಸನದಲ್ಲಿ ಕಠಿನ ವ್ಯಾಧಿಗಳ ಚಿಕಿತ್ಸೆಗಾಗಿ ಕೊಟ್ಟಿದ್ದ ರಿಯಾಯಿತಿಯ ನರರೋಗಪಟ್ಟಿಯಲ್ಲಿಯೂ ಇರಲಿಲ್ಲ. ಎಲ್ಲಿಯೂ ಹೆಸರಿಲ್ಲದ ಈ ವ್ಯಾಧಿಯನ್ನು ಒಂದು ಪಟ್ಟಿ ಮಾತ್ರ ಮರೆಯಲಿಲ್ಲ: ಮೊದಲೇ ರೋಗವಿದ್ದವರಿಗೆ ವಿಮಾ ಕಂಪನಿಗಳು ಶಾಶ್ವತವಾಗಿ ರಕ್ಷಣೆ ನಿರಾಕರಿಸಬಹುದಾದ ವ್ಯಾಧಿಗಳೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಪ್ರಕಟಿಸಿದ ಪಟ್ಟಿ. ಅಲ್ಲಿ ಅಪಸ್ಮಾರದ ಹೆಸರಿತ್ತು.

ಉದ್ದೇಶಿಸದೆಯೇ ಉಪಕಾರ ಮಾಡಿದ ಯೋಜನೆಯೂ ಒಂದುಂಟು. 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಗುಳಿಗೆ ಒಯ್ಯಲು ಮಗನ ಬದಲು ತಾಯಿಯೇ ಹೊರಡುವ ಪದ್ಧತಿ ಅನೇಕ ಮನೆಗಳಲ್ಲಿ ಬಂದಿದೆ.

ಇಷ್ಟೆಲ್ಲ ಹೇಳಿದ ಬಳಿಕ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಸರ್ಕಾರವಾಗಲಿ ದಾನಿಯಾಗಲಿ ನಮ್ಮಲ್ಲಿ ಕೊಡುವುದಕ್ಕೆ ಹಿಂಜರಿಯುವವರಲ್ಲ; ಆದರೆ ಒಂದು ಸಲ ಕೊಡುವುದರಲ್ಲಿ, ದೊಡ್ಡದಾಗಿ ಕೊಡುವುದರಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಂಥ ಕಣ್ಣಿಗೆ ಕಟ್ಟುವ ಕಾರ್ಯಕ್ಕೆ ಕೊಡುವುದರಲ್ಲಿ ಅವರ ಮನಸ್ಸು ಹೇಗೆ ಅರಳುತ್ತದೆಯೋ ಹಾಗೆ ತಿಂಗಳ ಗುಳಿಗೆಗೆ ಅರಳುವುದಿಲ್ಲ. ಪರಿಹಾರ ನಿಧಿಗಳ ಅರ್ಜಿಗಳೂ ಆಸ್ಪತ್ರೆಯ ಬಿಲ್ಲನ್ನು ಕೇಳುತ್ತವೆಯೇ ವಿನಾ ಔಷಧದಂಗಡಿಯ ಚೀಟಿಯನ್ನಲ್ಲ. ಅಪಸ್ಮಾರಕ್ಕೆ ಬೇಕಾದುದು ಅಲ್ಪವಾದ, ಆದರೆ ತಪ್ಪದ ಸಹಾಯ. ಆರು ತಿಂಗಳು ಉದಾರವಾಗಿ ಕೊಟ್ಟು ಏಳನೆಯ ತಿಂಗಳು ನಿಲ್ಲಿಸುವ ಸಂಸ್ಥೆಯಿಂದ ರೋಗಿಗೆ ಬರುವ ಅಪಾಯ ಸಣ್ಣದಲ್ಲ, ಏಕೆಂದರೆ ಮೈ ಆ ಔಷಧಕ್ಕೆ ಒಗ್ಗಿರುತ್ತದೆ, ಕುಟುಂಬ ಬೇರೆ ದಾರಿಯನ್ನು ಬಿಟ್ಟಿರುತ್ತದೆ.

ತಪ್ಪದ ಸಹಾಯವೆಂಬ ಕಲ್ಪನೆ ನಮ್ಮ ನಾಡಿಗೆ ಹೊಸದಲ್ಲ. ದೇವಾಲಯದ ನಂದಾದೀಪಕ್ಕೆಂದು ಇಷ್ಟು ಗದ್ಯಾಣಗಳನ್ನು ಬಿಟ್ಟು, ಮೂಲವನ್ನು ಮುಟ್ಟದೆ ಅದರ ಬಡ್ಡಿಯಿಂದ ದಿನದಿನದ ಎಣ್ಣೆ ನಡೆಯತಕ್ಕದ್ದೆಂದು ಬರೆಯಿಸಿದ ಕಲ್ಲುಗಳು ಕನ್ನಡನಾಡಿನ ಊರೂರಿನಲ್ಲಿವೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ವಿನೋದವುಳ್ಳವರೆಂದು ಜೈನ ದಾನಿಗಳನ್ನು ಕೊಂಡಾಡಿದ ಶಾಸನಗಳು ಹಲವು. ಬಳ್ಳಿಗಾವೆಯ ಕೋಡಿಯ ಮಠ ಅನಾಥ ರೋಗಿಗಳ ಚಿಕಿತ್ಸಾಸ್ಥಾನವೂ ಆಗಿತ್ತೆಂದು 1162ರ ಶಾಸನದಿಂದ ತಿಳಿಯುತ್ತದೆ. ಒಂದು ದಿನದ ಎಣ್ಣೆ ಅಲ್ಪ. ಅದು ತಪ್ಪದಂತೆ ನೋಡಿಕೊಳ್ಳಲು ಊರಿನ ಮಹಾಜನರನ್ನೇ ಹೊಣೆಯಾಗಿಸುತ್ತಿದ್ದರು. ಗುಳಿಗೆಗೂ ಅಂಥದೇ ಏರ್ಪಾಡು ಬೇಕೆಂಬುದು ನನ್ನ ಬಿನ್ನಹ.

ಲೆಕ್ಕ ಸರಳವಾಗಿದೆ. ಒಂದು ಲಕ್ಷ ರೂಪಾಯಿಯನ್ನು ಶೇಕಡ 6ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 6,000, ತಿಂಗಳಿಗೆ 500. ವ್ಯಾಪಾರನಾಮವಿಲ್ಲದ ಔಷಧವನ್ನು ಒಟ್ಟಾಗಿ ಕೊಂಡರೆ ಒಬ್ಬನಿಗಿಂತ ಹೆಚ್ಚು ಮಂದಿಗೆ ಅದು ಸಾಲಬಹುದು. ಬಡ್ಡಿಯ ಒಂದು ಪಾಲನ್ನು ಮೂಲಧನಕ್ಕೇ ಸೇರಿಸದಿದ್ದರೆ ಹತ್ತು ವರ್ಷದಲ್ಲಿ ಬೆಲೆಯೇರಿಕೆ ದತ್ತಿಯನ್ನು ತಿಂದುಹಾಕುತ್ತದೆ; ಸಾಹಿತ್ಯದ ದತ್ತಿಗಳಲ್ಲಿ ಉಪನ್ಯಾಸಕಾರನ ಸಂಭಾವನೆ ಬಸ್ಸಿನ ಚಾರ್ಜಿಗೂ ಸಾಲದಂತಾಗುವುದು ಈ ಕಾರಣದಿಂದಲೇ ಎಂಬುದನ್ನು, ವ್ಯವಸ್ಥಾಪಕರು ಮನ್ನಿಸುವುದಾದರೆ, ಸ್ವಾನುಭವದಿಂದ ಹೇಳುತ್ತೇನೆ.

ತಾಲ್ಲೂಕಿಗೊಂದು ಇಂಥ ದತ್ತಿಯಾದರೆ ಹಣ ರೋಗಿಯ ಕೈಗೆ ಹೋಗುವುದು ಬೇಡ, ಔಷಧದಂಗಡಿಯ ಖಾತೆಗೆ ಹೋಗಲಿ. ರೋಗಿ ಹೆಸರಿನ ಬದಲು ಒಂದು ಅಂಕಿಯನ್ನು ಹೇಳಿ ಗುಳಿಗೆಯನ್ನು ಒಯ್ಯಲಿ. ಹೆಸರುಗಳ ಪುಸ್ತಕ ವೈದ್ಯರ ಬಳಿ ಇರಲಿ, ಅಂಕಿಗಳ ಪುಸ್ತಕ ಅಂಗಡಿಯಲ್ಲಿರಲಿ. ಚಿತ್ರ ಬೇಡ, ಹಾರ ಬೇಡ. ಸರ್ಕಾರಿ ಕಿಟಕಿಯಲ್ಲಿ ಔಷಧವಿರುವ ತಿಂಗಳು ದತ್ತಿಯ ಔಷಧವನ್ನು ಮುಟ್ಟಬಾರದು. ‘ಸ್ಟಾಕ್ ಇಲ್ಲ’ ಎಂದ ದಿನವೇ ಅದು ಕೈಗೆ ಬರುವಂತೆ, ನೋಂದಾಯಿಸಿಕೊಂಡವರಿಗೆಲ್ಲ ಮೂರು ತಿಂಗಳಿಗೆ ಸಾಲುವಷ್ಟು ಗುಳಿಗೆಗಳು ಸದಾ ಕಪಾಟಿನಲ್ಲಿರಬೇಕು. ಅವಧಿ ಮುಗಿಯುವ ಮೊದಲು ಅದನ್ನು ಸರ್ಕಾರಿ ದಾಸ್ತಾನಿನೊಡನೆ ಬದಲಿಸಿಕೊಳ್ಳುವ ಅನುಮತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗಳಿಂದ ಮೊದಲೇ ಪಡೆಯಬೇಕು. ಯಾವ ತಾಲ್ಲೂಕಿನಲ್ಲಿ ಸರ್ಕಾರದ ಸರಬರಾಜು ಸುಸೂತ್ರವಾಗಿ ನಡೆಯುತ್ತದೆಯೋ ಅಲ್ಲಿ ಬಡ್ಡಿಯನ್ನು ಗಂಡಸರ ಬಸ್ಸಿನ ಚಾರ್ಜಿಗೂ ರಕ್ತಪರೀಕ್ಷೆಗೂ ತಿರುಗಿಸಬಹುದು. ಈ ಮಾತನ್ನು ದತ್ತಿಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸುವುದು ಲೇಸು. ಪತ್ರದಲ್ಲಿಲ್ಲದ ವೆಚ್ಚವನ್ನು ಎಷ್ಟು ಸತ್ಕಾರ್ಯಕ್ಕೆ ಮಾಡಿದ್ದರೂ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ.